ಸಸಿ ಮಾರುವ ಜೂನ್, ಶುಲ್ಕ ಕಟ್ಟುವ ಜೂನ್: ಸಣ್ಣ ನರ್ಸರಿ ಆರಂಭಿಸುವ ಕುಟುಂಬಗಳಿಗೆ ತಿಳಿವಳಿಕೆ





ವಿದ್ಯಾರ್ಥಿವೇತನದಿಂದ ಒಂದು ವರ್ಷದ ಶುಲ್ಕ ಕಟ್ಟಬಹುದು. ಮರುವರ್ಷ ಅದೇ ಮನೆಯವರು ಮತ್ತೆ ಅರ್ಜಿ ಹಿಡಿದು ಬರಬೇಕಾಗುತ್ತದೆ. ಮನೆಯಲ್ಲೇ ಒಂದು ದುಡಿಮೆ ನೆಲೆಗೊಂಡರೆ ಮಕ್ಕಳ ಓದು ಇನ್ನೊಬ್ಬರ ಕೈ ನೋಡುವುದು ತಪ್ಪುತ್ತದೆ. ನಮ್ಮ ಟ್ರಸ್ಟ್ ವಿದ್ಯಾರ್ಥಿವೇತನದ ಜೊತೆಗೆ ಸ್ವಉದ್ಯೋಗಕ್ಕೂ ನೆರವು ಕೊಡುತ್ತಿರುವುದು ಈ ಕಾರಣಕ್ಕೆ. ಹೊಲಿಗೆ ಯಂತ್ರ, ತಳ್ಳುಗಾಡಿ, ಕುರಿ ಸಾಕಣೆಗೆ ನೆರವು ಕೇಳುವವರ ಜೊತೆಗೆ ನರ್ಸರಿ ಮಾಡುತ್ತೇವೆ ಎನ್ನುವವರೂ ಈಗ ಬರುತ್ತಿದ್ದಾರೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಇದು ಸಹಜ. ಬೇರೆಯವರ ನರ್ಸರಿಯಲ್ಲಿ ದಿನಗೂಲಿಗೆ ಚೀಲ ತುಂಬಿದ, ಟ್ರೇಗೆ ಬೀಜ ಹಾಕಿದ, ಮಾವಿನ ಕಸಿ ಕಟ್ಟಿದ ಕೈಗಳು ನಮ್ಮ ಅನೇಕ ಮನೆಗಳಲ್ಲಿವೆ. ಕೆಲಸ ಗೊತ್ತಿದೆ, ಯಜಮಾನಿಕೆ ಮಾತ್ರ ಹೊಸದು.

ಆದ್ದರಿಂದ ಈ ವರ್ಷದ ವರದಿಯಲ್ಲಿ ಸಣ್ಣ ನರ್ಸರಿಯನ್ನು ಹೇಗೆ ಆರಂಭಿಸಬೇಕು, ಎಲ್ಲಿ ಹಣ ಸಿಕ್ಕಿಕೊಳ್ಳುತ್ತದೆ, ಟ್ರಸ್ಟ್‌ನ ನೆರವು ಯಾವಾಗ, ಹೇಗೆ ಸಿಗುತ್ತದೆ ಎಂಬುದನ್ನು ವಿವರಿಸುತ್ತಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನರ್ಸರಿ ಎಂದರೆ ಮಣ್ಣಿನ ವ್ಯಾಪಾರ ಎಂದು ಎಲ್ಲರೂ ತಿಳಿದಿದ್ದಾರೆ. ನಿಜದಲ್ಲಿ ಅದು ತಿಂಗಳುಗಳ ವ್ಯಾಪಾರ. ಹಣ ಹಾಕುವ ಕಾಲ ಜನವರಿಯಿಂದ ಏಪ್ರಿಲ್. ಹಣ ಬರುವ ಕಾಲ ಜೂನ್‌ನಿಂದ ಅಕ್ಟೋಬರ್. ಮಕ್ಕಳ ಪರೀಕ್ಷೆ ಮಾರ್ಚ್‌ನಲ್ಲಿ, ಶುಲ್ಕ ಜೂನ್‌ನಲ್ಲಿ. ಈ ನಾಲ್ಕನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದು ನೋಡಿದ ಮನೆಯಲ್ಲಿ ಸಸಿಯ ದುಡ್ಡು ಶುಲ್ಕಕ್ಕೆ ಒದಗುತ್ತದೆ. ಬರೆಯದ ಮನೆಯಲ್ಲಿ ಬೇಸಿಗೆ ಮುಗಿಯುವಷ್ಟರಲ್ಲಿ ಬಂಡವಾಳವೇ ಅಡುಗೆಮನೆಗೆ ಖರ್ಚಾಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಕಸುಬು

ಬೆಂಗಳೂರಿನ ಲಾಲ್‌ಬಾಗ್‌ಗೆ 1760ರಲ್ಲಿ ಅಡಿಪಾಯ ಹಾಕಿದ ಹೈದರ್ ಅಲಿ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವರು. ಅವರ ಮಗ ಟಿಪ್ಪು ಸುಲ್ತಾನ್ ಆ ತೋಟವನ್ನು ಬೆಳೆಸಿ, ಹೊರದೇಶಗಳಿಂದ ಗಿಡ, ಬೀಜಗಳನ್ನು ತರಿಸಿದರು. ಲಾಲ್‌ಬಾಗ್‌ನಲ್ಲಿ ಇಂದಿಗೂ ಜನ ಸಸಿ ಕೊಳ್ಳಲು ಬರುತ್ತಾರೆ. ದೂರದಿಂದ ತಂದ ಒಂದು ಗಿಡವನ್ನು ನೂರು ಮಾಡಿ ಹಂಚುವ ಕಸುಬಿಗೆ ನಮ್ಮ ನಾಡಿನಲ್ಲಿ ಹೀಗೆ ಹಳೆಯ ಬೇರಿದೆ.

ಇಂದು ಕೋಲಾರದಲ್ಲಿ ಈ ಕಸುಬಿಗೆ ಎರಡು ಆಸರೆಗಳಿವೆ. ಒಂದು ಶ್ರೀನಿವಾಸಪುರದ ಮಾವು. ಬಾದಾಮಿ, ತೋತಾಪುರಿ, ರಸಪುರಿ, ಮಲ್ಲಿಕಾ, ನೀಲಂ, ಸೇಂದೂರ, ಹೀಗೆ ಹತ್ತಾರು ತಳಿಗಳ ಕಸಿಗಿಡಕ್ಕೆ ಇಲ್ಲಿ ಬೇಡಿಕೆ ಇದೆ. ಇನ್ನೊಂದು ಟೊಮೆಟೊ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕಿಲೋ ಬಾಕ್ಸ್‌ನ ದರದ ಮೇಲೆ ಇಡೀ ಜಿಲ್ಲೆಯ ಮನಸ್ಸು ಏರಿಳಿಯುತ್ತದೆ. ಇವೆರಡಲ್ಲದೆ ಬೆಂಗಳೂರಿನ ಹತ್ತಿರವಿರುವುದರಿಂದ, ನರಸಾಪುರದಂಥ ಕೈಗಾರಿಕಾ ಪ್ರದೇಶಗಳಿರುವುದರಿಂದ ಹೂಗಿಡ, ಅಲಂಕಾರಿಕ ಗಿಡ, ನೆರಳಿನ ಮರಗಳ ಸಸಿಗೂ ಗಿರಾಕಿ ಇದ್ದಾರೆ.

ಗಿಡದ ಮೂರು ಅವಧಿ

ನರ್ಸರಿಯಲ್ಲಿ ಬೆಳೆಸುವ ಗಿಡಗಳನ್ನು ಹೂವು, ಹಣ್ಣು, ತರಕಾರಿ ಎಂದು ವಿಂಗಡಿಸುವುದು ವಾಡಿಕೆ. ಹೊಸದಾಗಿ ಆರಂಭಿಸುವವರು ಬೇರೆ ರೀತಿ ವಿಂಗಡಿಸಿಕೊಳ್ಳಲಿ: ಹಾಕಿದ ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂಬುದರ ಮೇಲೆ.

ಮೊದಲನೆಯದು ಒಂದು ತಿಂಗಳ ಗಿಡ. ಪ್ರೋ ಟ್ರೇಯಲ್ಲಿ ಬೆಳೆಸುವ ಟೊಮೆಟೊ, ಎಲೆಕೋಸು, ಹೂಕೋಸು, ಚೆಂಡುಹೂವಿನ ಸಸಿಗಳು ಸುಮಾರು 25 ದಿನಕ್ಕೆ ನಾಟಿಗೆ ಬರುತ್ತವೆ. ಬದನೆಗೆ ಇನ್ನೊಂದು ವಾರ, ಮೆಣಸಿನಕಾಯಿಗೆ 35ರಿಂದ 40 ದಿನ ಬೇಕು.

ಎರಡನೆಯದು ಮೂರು ನಾಲ್ಕು ತಿಂಗಳ ಗಿಡ. ಕಡ್ಡಿ ನೆಟ್ಟು ಬೇರು ಬರಿಸುವ ಮಲ್ಲಿಗೆ, ದಾಸವಾಳ, ಕ್ರೋಟನ್; ಬೀಜದಿಂದ ಬರುವ ನುಗ್ಗೆ, ಪಪ್ಪಾಯ; ಕುಂಡದಲ್ಲಿ ಮಾರುವ ಪುದೀನ, ಲೋಳೆಸರ, ಮನಿ ಪ್ಲಾಂಟ್. ಇವುಗಳಲ್ಲಿ ಕೆಲವು ಬೇಗ ಸಿದ್ಧವಾದರೂ ಗಿರಾಕಿ ಕಣ್ಣಿಗೆ ಚೆನ್ನಾಗಿ ಕಾಣಲು ಅಷ್ಟು ಕಾಲ ಬೇಕು.

ಮೂರನೆಯದು ವರ್ಷ ದಾಟುವ ಗಿಡ. ಮಾವಿನ ಕಸಿ ಇದರಲ್ಲಿ ಮುಖ್ಯ. ಹಣ್ಣಿನ ಕಾಲ ಮುಗಿಯುವ ಜೂನ್, ಜುಲೈನಲ್ಲಿ ಹಸಿ ಗೊರಟೆ ಹಾಕಬೇಕು. ಹೆಚ್ಚು ದಿನ ಒಣಗಲು ಬಿಟ್ಟರೆ ಗೊರಟೆಯ ಮೊಳಕೆಯ ಶಕ್ತಿ ಹೋಗುತ್ತದೆ. ಎದ್ದ ಸಸಿಯ ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ ಕಸಿ ಕಟ್ಟಬೇಕು. ಆಮೇಲೆ ಚಿಗುರು ಗಟ್ಟಿಯಾಗುವವರೆಗೆ ಕಾಯಬೇಕು. ಗೊರಟೆಯಿಂದ ಮಾರಾಟದವರೆಗೆ ಒಂದೂವರೆ ವರ್ಷವಾದರೂ ಹಿಡಿಯುತ್ತದೆ. ಬೇವು, ನೇರಳೆಯ ಬೀಜವೂ ಹಾಗೆಯೇ: ಹಣ್ಣು ಉದುರಿದ ಕೂಡಲೇ ಬಿತ್ತಬೇಕು, ಸಸಿ ಮಾರುವುದು ಮುಂದಿನ ಮಳೆಗಾಲಕ್ಕೆ.

ಮಾವಿನ ಕಸಿಗಿಡಕ್ಕೆ ಒಳ್ಳೆಯ ಬೆಲೆ ಇದೆ ಎಂದು ಮೊದಲ ವರ್ಷವೇ ಎಲ್ಲ ಹಣವನ್ನೂ ಅದಕ್ಕೆ ಹಾಕುವ ಆಸೆ ಸಹಜ. ಆದರೆ ಒಂದೂವರೆ ವರ್ಷ ಮನೆ ನಡೆಯುವುದು ಯಾವುದರಿಂದ? ಕೈಯಲ್ಲಿ ಬೇರೆ ಆದಾಯವಿಲ್ಲದ ಕುಟುಂಬಕ್ಕೆ ನಮ್ಮ ಸಲಹೆ ಇದು: ಮೊದಲ ವರ್ಷ ಜಾಗದ ಹೆಚ್ಚಿನ ಪಾಲು ಒಂದು ತಿಂಗಳ ಮತ್ತು ಮೂರು ತಿಂಗಳ ಗಿಡಕ್ಕಿರಲಿ. ಜುಲೈನಲ್ಲಿ ಇನ್ನೂರು ಮುನ್ನೂರು ಗೊರಟೆ ಮಾತ್ರ ಹಾಕಿಡಿ. ಅದು ಎರಡು ವರ್ಷದ ನಂತರದ ಶುಲ್ಕಕ್ಕೆ ಇಟ್ಟ ಉಳಿತಾಯ ಎಂದು ತಿಳಿಯಿರಿ.

ಜಾಗ ಒಂದು ಗುಂಟೆ, ನೀರು ಪ್ರತಿದಿನ

ಒಂದು ಗುಂಟೆ ಎಂದರೆ 1,089 ಚದರ ಅಡಿ. ಮೊದಲ ವರ್ಷಕ್ಕೆ ಅಷ್ಟು ಸಾಕು. ನೂರು ಪ್ರೋ ಟ್ರೇ ಇಡಲು 20 ಅಡಿ ಉದ್ದ, 15 ಅಡಿ ಅಗಲದ ಬಲೆಮನೆ ಹಿಡಿಸುತ್ತದೆ. ಉಳಿದದ್ದರಲ್ಲಿ ಶೇಡ್‌ನೆಟ್ ಕೆಳಗೆ ಎರಡು ಸಾವಿರ ಸಣ್ಣ ಚೀಲ ಜೋಡಿಸಿ, ನಡುವೆ ಓಡಾಡಲು ದಾರಿ ಬಿಟ್ಟು, ಮಣ್ಣು ಗೊಬ್ಬರ ಕಲಸಲು ಮೂಲೆಯೊಂದನ್ನು ಇಟ್ಟುಕೊಳ್ಳಬಹುದು. ಸ್ವಂತ ಜಮೀನು ಬೇಕೆಂದಿಲ್ಲ. ಬಾಡಿಗೆಗೆ ಹಿಡಿಯುವವರು ಮಾತ್ರ ಕರಾರಿನ ಅವಧಿ ನೋಡಿಕೊಳ್ಳಿ. ಹನ್ನೊಂದು ತಿಂಗಳ ಕರಾರಿನ ಜಾಗದಲ್ಲಿ ಹದಿನೆಂಟು ತಿಂಗಳ ಮಾವು ಬೆಳೆಸಲಾಗದು. ಕನಿಷ್ಠ ಮೂರು ವರ್ಷದ ಕರಾರು ಬರೆಸಿಕೊಳ್ಳಿ. ಕೊಳವೆಬಾವಿಯ ನೀರು ಎಷ್ಟು ಹೊತ್ತು ಸಿಗುತ್ತದೆ ಎಂಬುದೂ ಅದರಲ್ಲಿರಲಿ.

ನಮ್ಮ ಜಿಲ್ಲೆಯಲ್ಲಿ ನರ್ಸರಿ ನಿಲ್ಲುವುದೂ ಬೀಳುವುದೂ ನೀರಿನ ಮೇಲೆ. ಬೇಸಿಗೆಯಲ್ಲಿ ಒಂದು ಚೀಲಕ್ಕೆ ದಿನಕ್ಕೆ ಕಾಲು ಲೀಟರ್ ಎಂದು ಹಿಡಿದರೂ ಎರಡು ಸಾವಿರ ಚೀಲಕ್ಕೆ 500 ಲೀಟರ್ ಆಯಿತು. ಏಪ್ರಿಲ್‌ನಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತದೆ, ಟ್ಯಾಂಕರ್ ತರಿಸಬೇಕಾದರೆ ಎಷ್ಟು ಖರ್ಚು ಎಂದು ಕೇಳಿ ತಿಳಿದ ಮೇಲೆಯೇ ಚೀಲದ ಸಂಖ್ಯೆ ತೀರ್ಮಾನಿಸಿ. ಆಳದ ಕೊಳವೆಬಾವಿಗಳ ನೀರಿನಲ್ಲಿ ಲವಣಾಂಶ ಹೆಚ್ಚಿರಬಹುದು. ಎಳೆಯ ಸಸಿಗೆ ಉಪ್ಪುನೀರು ವಿಷದಂತೆ. ಒಂದು ಬಾಟಲಿ ನೀರನ್ನು ಮೊದಲೇ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಗಿಡಕ್ಕೆ ರಜೆಯಿಲ್ಲ. ಮದುವೆ ಇರಲಿ, ಈದ್ ಇರಲಿ, ಮೇ ತಿಂಗಳ ಬಿಸಿಲಿನಲ್ಲಿ ಒಂದೇ ದಿನ ನೀರು ತಪ್ಪಿದರೂ ಟ್ರೇಯ ಸಸಿ ಒಣಗುತ್ತದೆ. ನೀವಿಲ್ಲದ ದಿನ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿದ್ಧವಿರಬೇಕು.

ಟ್ರೇ ಸಸಿ: ಹಾಲಿನಂಥ ಸರಕು

ತರಕಾರಿ ಸಸಿಗೆ ಸಾಮಾನ್ಯವಾಗಿ 98 ಗುಳಿಗಳ ಪ್ರೋ ಟ್ರೇ ಬಳಸುತ್ತಾರೆ. ಒಂದು ಟ್ರೇಗೆ ಸುಮಾರು 1.2 ಕಿಲೋ ಕೊಕೊಪೀಟ್ ಹಿಡಿಯುತ್ತದೆ. ತೆಂಗಿನ ನಾರಿನ ಈ ಪುಡಿ ಹಸಿಯಾಗಿದ್ದರೆ ಅಥವಾ ಉಪ್ಪಿನಂಶ ತೊಳೆಯದೆ ಇದ್ದರೆ ಸಸಿ ಹಳದಿಯಾಗುತ್ತದೆ. ಚೆನ್ನಾಗಿ ಕೊಳೆತು ತೊಳೆದ ಪುಡಿಯನ್ನೇ ತರಿಸಿ. ಗುಳಿಗೆ ಒಂದರಂತೆ ಬೀಜ ಹಾಕಿ, ಮೇಲೆ ತೆಳುವಾಗಿ ಪುಡಿ ಮುಚ್ಚಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹಾಳೆ ಹೊದಿಸಬೇಕು. ಮೊಳಕೆ ತಲೆಯೆತ್ತಿದ ದಿನವೇ ಬಿಡಿಸಿ ಹರಡಬೇಕು. ಒಂದು ದಿನ ತಡವಾದರೆ ಸಸಿ ಬಿಳಿಚಿಕೊಂಡು ಎಳೆಯಾಗಿ ಉದ್ದವಾಗುತ್ತದೆ.

ಟೊಮೆಟೊಗೆ ಎಲೆ ಮುಟುರು ರೋಗವನ್ನು ಹರಡುವುದು ಬಿಳಿ ನೊಣ. ಸಸಿಯಲ್ಲೇ ರೋಗ ತಗುಲಿದರೆ ರೈತನ ಹೊಲದಲ್ಲಿ ಅದಕ್ಕೆ ಔಷಧವಿಲ್ಲ. ಆದ್ದರಿಂದ ಸಾಮಾನ್ಯ ಶೇಡ್‌ನೆಟ್ ಸಾಲದು. ಬಲೆಮನೆಯ ಸುತ್ತ 40ರಿಂದ 50 ಮೆಷ್‌ನ ಕೀಟ ನಿರೋಧಕ ಬಲೆ ಕಟ್ಟಿ, ಬಾಗಿಲು ಯಾವಾಗಲೂ ಮುಚ್ಚಿರಬೇಕು. ಇದು ದುಬಾರಿ ಎನಿಸಿದರೂ ನಿಮ್ಮ ಹೆಸರು ಉಳಿಯುವುದು ಇದರಿಂದಲೇ. ನೀರು ಹೆಚ್ಚಾದರೆ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುತ್ತವೆ. ನೀರನ್ನು ಬೆಳಿಗ್ಗೆಯೇ ಹಾಕಿ. ಸಂಜೆ ಹೊತ್ತಿಗೆ ಎಲೆ ಒಣಗಿರಲಿ.

ಈಗ ವ್ಯಾಪಾರದ ಮಾತು. ಒಂದು ಎಕರೆಗೆ 43,560 ಚದರ ಅಡಿ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಅಂತರದಲ್ಲಿ ನೆಟ್ಟರೆ 7,260 ಸಸಿ ಬೇಕು. 80 ಟ್ರೇಗಳಲ್ಲಿ 7,840 ಗುಳಿಗಳಿವೆ. ಹುಟ್ಟದ ಬೀಜ, ಸೊರಗಿದ ಸಸಿ ಕಳೆದರೆ ಒಂದು ಎಕರೆಗೆ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಅಂದರೆ ನಿಮ್ಮ ನೂರು ಟ್ರೇಗಳ ಬಲೆಮನೆ ಒಂದು ಸಲಕ್ಕೆ ಒಬ್ಬ ರೈತನ ಒಂದು ಎಕರೆಗೆ ಸಾಕಾಗುವಷ್ಟು ಮಾತ್ರ. ಆ ಒಬ್ಬ ರೈತ ಬರಲಿಲ್ಲವೆಂದರೆ ಇಡೀ ತಂಡ ಹಾಳು. ತಯಾರಾದ ಸಸಿ ಹಾಲಿದ್ದಂತೆ. ಒಂದು ವಾರ ಕಾಯಬಹುದು, ಎರಡು ವಾರಕ್ಕೆ ಬಲಿತು ಯಾರಿಗೂ ಬೇಡವಾಗುತ್ತದೆ.

ಟೊಮೆಟೊ ದರ ಏರಿದಾಗ ಎಲ್ಲರೂ ಸಸಿ ಕೇಳುತ್ತಾರೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ನಾವೆಲ್ಲ ಅದನ್ನು ಕಂಡಿದ್ದೇವೆ. ಅಂದು ನೆಟ್ಟ ಸಸಿ ಫಸಲಿಗೆ ಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಎಲ್ಲರ ಫಸಲೂ ಒಟ್ಟಿಗೆ ಬಂದು ದರ ಬೀಳುತ್ತದೆ, ಸಸಿ ಕೇಳುವವರು ಇರುವುದಿಲ್ಲ. ಆದ್ದರಿಂದ ಮುಂಗಡವಿಲ್ಲದೆ ಬೀಜ ಹಾಕಬೇಡಿ. ಮೊದಲ ವರ್ಷ ರೈತರೇ ಬೀಜ ತಂದುಕೊಟ್ಟು, ಬೆಳೆಸಿಕೊಡುವ ಕೂಲಿಯನ್ನು ನೀವು ಪಡೆಯುವ ಪದ್ಧತಿ ಸುರಕ್ಷಿತ. ಹೈಬ್ರಿಡ್ ಬೀಜದ ದುಬಾರಿ ಬೆಲೆ ಆಗ ನಿಮ್ಮ ಮೇಲೆ ಬೀಳುವುದಿಲ್ಲ. ಎಲ್ಲ ಟ್ರೇಗಳನ್ನೂ ಟೊಮೆಟೊಗೆ ಕೊಡದೆ, ಮೂರನೇ ಒಂದು ಪಾಲನ್ನು ಕೋಸು, ಚೆಂಡುಹೂವಿಗೆ ಇಡಿ.

ಚೀಲದ ಗಿಡ, ಮತ್ತು ಒಂದು ಲೆಕ್ಕ

ಚೀಲಕ್ಕೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎರಡು, ಒಂದು, ಒಂದರ ಪ್ರಮಾಣದಲ್ಲಿ ಕಲಸುವುದು ರೂಢಿ. ಗೊಬ್ಬರಕ್ಕೆ ಟ್ರೈಕೋಡರ್ಮ ಬೆರೆಸಿ ಹದಿನೈದು ದಿನ ನೆರಳಲ್ಲಿ ಇಟ್ಟರೆ ಬೇರು ಕೊಳೆಯುವ ರೋಗ ಕಡಿಮೆಯಾಗುತ್ತದೆ. ಚೀಲದ ಕೆಳಭಾಗದಲ್ಲಿ ತೂತುಗಳು ತೆರೆದಿರಲಿ.

ಲೆಕ್ಕದಲ್ಲಿ ಹೊಸಬರು ಎಡವುವುದು ಒಂದೇ ಜಾಗದಲ್ಲಿ. ಉದಾಹರಣೆಗೆ ಹೇಳುತ್ತೇವೆ, ದರಗಳನ್ನು ನಿಮ್ಮ ಊರಿನಲ್ಲಿ ವಿಚಾರಿಸಿ ಹಾಕಿಕೊಳ್ಳಿ. ಒಂದು ಚೀಲಕ್ಕೆ ಮಣ್ಣು, ಗೊಬ್ಬರ, ಕಡ್ಡಿ, ಕೂಲಿ, ನೀರು ಸೇರಿ 12 ರೂಪಾಯಿ ಖರ್ಚು, ಮಾರುವ ಬೆಲೆ 25 ರೂಪಾಯಿ ಎಂದುಕೊಳ್ಳೋಣ. ಸಾವಿರ ಚೀಲ ಮಾಡಿದರೆ ಚೀಲಕ್ಕೆ 13ರಂತೆ 13,000 ರೂಪಾಯಿ ಲಾಭ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಸಾವಿರದಲ್ಲಿ ಬದುಕಿದ್ದು 850, ಆ ಹಂಗಾಮಿನಲ್ಲಿ ಮಾರಾಟವಾದದ್ದು 700 ಎಂದಾದರೆ? ಬಂದ ಹಣ 17,500. ಖರ್ಚು ಮಾತ್ರ ಸಾವಿರ ಚೀಲದ್ದೇ, 12,000. ಉಳಿದದ್ದು 5,500. ಮಾರಿದ ಪ್ರತಿ ಗಿಡಕ್ಕೆ ನಿಜವಾಗಿ ಬಿದ್ದ ಖರ್ಚು 12 ಅಲ್ಲ, 17 ರೂಪಾಯಿಗೂ ಹೆಚ್ಚು. ಖರ್ಚನ್ನು ಮಾಡಿದ ಗಿಡಗಳಿಂದ ಭಾಗಿಸಬೇಡಿ. ಮಾರಿದ ಗಿಡಗಳಿಂದ ಭಾಗಿಸಿ.

ಮಾರಾಟವಾಗದೆ ಉಳಿದ 150 ಗಿಡಗಳನ್ನು ಹಾಗೇ ಬಿಟ್ಟರೆ ಚೀಲದೊಳಗೆ ಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಗಿಡವನ್ನು ದೊಡ್ಡ ಗಿಡ ಎಂದು ಹೆಚ್ಚು ಬೆಲೆಗೆ ಮಾರುವುದು ಮೋಸ. ಬೇರು ಕತ್ತರಿಸಿ ದೊಡ್ಡ ಚೀಲಕ್ಕೆ ಬದಲಿಸಿ, ಇಲ್ಲವೇ ಕಡಿಮೆ ಬೆಲೆಗೆ ಬೇಗ ಕೊಟ್ಟುಬಿಡಿ.

ಮಾರಾಟದ ಕಾಲಕ್ಕೆ ಕೆಲವು ದಿನಗಳನ್ನು ಗುರುತು ಹಾಕಿಕೊಳ್ಳಿ. ಜೂನ್ 5 ವಿಶ್ವ ಪರಿಸರ ದಿನ. ಜುಲೈ ಮೊದಲ ವಾರ ವನಮಹೋತ್ಸವ. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ಆರಂಭಿಸಿದ್ದು. ಶಾಲೆ, ಪಂಚಾಯಿತಿ, ಕಾರ್ಖಾನೆಗಳು ಆಗ ಒಟ್ಟಿಗೆ ಸಸಿ ಕೊಳ್ಳುತ್ತವೆ. ಅವರನ್ನು ಏಪ್ರಿಲ್‌ನಲ್ಲೇ ಹೋಗಿ ಕಂಡು ಎಷ್ಟು ಬೇಕೆಂದು ಕೇಳಬೇಕು. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಹೆಚ್ಚು ನಂಬಿಕೆಯದ್ದು. ಜೂನ್‌ನಲ್ಲಿ ಎಲ್ಲವನ್ನೂ ಮಾರಿ ಮುಗಿಸದೆ ಎರಡನೇ ಸುತ್ತಿಗೂ ಗಿಡ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಕುಂಡ, ಕಲಸಿದ ಮಣ್ಣು, ಗೊಬ್ಬರದ ಸಣ್ಣ ಮಾರಾಟ, ಮನೆಮನೆಗೆ ಹೋಗಿ ಕುಂಡ ಬದಲಿಸಿಕೊಡುವ ಕೆಲಸ ಕೈ ಹಿಡಿಯುತ್ತದೆ.

ತಳಿ ಎಂಬ ಅಮಾನತು

ಬಟ್ಟೆ ಕೊಂಡವರಿಗೆ ಮೊದಲ ಒಗೆತಕ್ಕೆ ಬಣ್ಣ ತಿಳಿಯುತ್ತದೆ. ಮಾವಿನ ಗಿಡ ಕೊಂಡವರಿಗೆ ತಳಿ ತಿಳಿಯುವುದು ನಾಲ್ಕೈದು ವರ್ಷದ ನಂತರ. ಬಾದಾಮಿ ಎಂದು ನೆಟ್ಟ ತೋಟದಲ್ಲಿ ಐದನೇ ವರ್ಷ ತೋತಾಪುರಿ ಕಾಯಿ ಬಿಟ್ಟರೆ ಆ ರೈತ ಕಳೆದುಕೊಂಡದ್ದು ಗಿಡದ ಬೆಲೆಯನ್ನಲ್ಲ, ಐದು ವರ್ಷದ ನೆಲ, ನೀರು, ದುಡಿಮೆಯನ್ನು. ಗಿರಾಕಿ ಪರೀಕ್ಷಿಸಿ ನೋಡಲಾಗದ ಸರಕನ್ನು ನಾವು ಮಾರುತ್ತೇವೆ. ಅವರು ಕೊಳ್ಳುವುದು ನಮ್ಮ ಮಾತನ್ನು. ಅದು ನಮ್ಮ ಬಳಿ ಇರುವ ಅಮಾನತು.

ಮಾತು ಉಳಿಸಿಕೊಳ್ಳಲು ಪದ್ಧತಿ ಬೇಕು. ಕಸಿಕಡ್ಡಿಯನ್ನು ಫಸಲು ಕಣ್ಣಾರೆ ಕಂಡ ತಾಯಿಮರದಿಂದಲೇ ತನ್ನಿ. ಕಡ್ಡಿ ಕತ್ತರಿಸುವ ಎಂಟು ಹತ್ತು ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಉಳಿಸಿ ತೆಗೆದರೆ ಮೊಗ್ಗು ಉಬ್ಬಿ ಕಸಿ ಚೆನ್ನಾಗಿ ಕೂಡುತ್ತದೆ. ಒಂದು ದಿನ ಒಂದೇ ತಳಿಯ ಕಸಿ ಕಟ್ಟಿ. ಎರಡು ತಳಿಯ ಕಡ್ಡಿ ಒಂದೇ ಬುಟ್ಟಿಯಲ್ಲಿ ಬೇಡ. ಪ್ರತಿ ಸಾಲಿಗೆ ಚೀಟಿ ಇರಲಿ, ಪುಸ್ತಕದಲ್ಲಿ ತಾರೀಖು, ತಳಿ, ಯಾರ ತೋಟದ ಯಾವ ಮರ, ಕಸಿ ಕಟ್ಟಿದವರು ಯಾರು ಎಂದು ಬರೆಯಿರಿ. ಚೀಟಿ ಕಳೆದುಹೋದ ಗಿಡವನ್ನು ತಳಿಯ ಹೆಸರು ಹೇಳಿ ಮಾರಬೇಡಿ. ಕಸಿಯ ಕೆಳಗಿನ ಬೇರುಸಸಿ ಚಿಗುರಿದರೆ ಕೂಡಲೇ ಚಿವುಟಿ. ಬಿಟ್ಟರೆ ಅದೇ ಬೆಳೆದು ಮೇಲಿನ ಒಳ್ಳೆಯ ತಳಿ ಒಣಗುತ್ತದೆ. ಇದನ್ನು ಗಿರಾಕಿಗೂ ತೋರಿಸಿ ಹೇಳಿ.

ಕಾಗದಪತ್ರ ಮತ್ತು ತರಬೇತಿ

ಅಂಗಡಿ ಇಡುವವರು ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ ವಿಚಾರಿಸಬೇಕು. ಜೀವಂತ ಗಿಡಗಳಿಗೆ ಜಿಎಸ್‌ಟಿ ಇಲ್ಲ; ಪ್ಲಾಸ್ಟಿಕ್ ಕುಂಡದಂಥ ವಸ್ತುಗಳಿಗೆ ಇದೆ. ಬೀಜದ ಪೊಟ್ಟಣ, ರಾಸಾಯನಿಕ ಗೊಬ್ಬರ, ಕೀಟನಾಶಕ ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಗಿಡದ ಜೊತೆ ಒಂದು ಬಾಟಲಿ ಔಷಧ ಇಟ್ಟರೇನಂತೆ ಎಂದು ಸುಮ್ಮನಿರಬೇಡಿ. ಹಣ್ಣಿನ ಗಿಡಗಳ ನರ್ಸರಿಗೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯೂ ಹಣ್ಣಿನ ನರ್ಸರಿಗಳನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. ಸರ್ಕಾರಿ ಯೋಜನೆಗಳಿಗೆ ಗಿಡ ಪೂರೈಸುವ ಉದ್ದೇಶವಿದ್ದವರು ಮೊದಲ ದಿನದಿಂದಲೇ ತಾಯಿಮರದ ದಾಖಲೆ ಇಟ್ಟುಕೊಳ್ಳಿ.

ತರಬೇತಿಗೆ ದೂರ ಹೋಗಬೇಕಿಲ್ಲ. ಕೋಲಾರದ ಟಮಕದಲ್ಲಿ ತೋಟಗಾರಿಕಾ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಲವು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್‌ನಂಥ ಟೊಮೆಟೊ ತಳಿಗಳನ್ನು ಕೊಟ್ಟಿದೆ, ಬೀಜವನ್ನೂ ಮಾರುತ್ತದೆ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿಯೊಡನೆ ಉಚಿತ ತರಬೇತಿ ಸಿಗುತ್ತದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಸಾಲ ಯೋಜನೆಯ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ಕೇಳಿ. ಅರ್ಜಿಯ ದಿನಾಂಕ, ಷರತ್ತುಗಳನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಿ.

ಪರೀಕ್ಷೆಯ ತಿಂಗಳಲ್ಲಿ ಚೀಲ ತುಂಬುವವರು ಯಾರು?

ಕುಟುಂಬಗಳಿಗೆ ನಾವು ಒತ್ತಿ ಹೇಳಬೇಕಾದ ಮಾತು ಇದು. ಜೂನ್‌ನಲ್ಲಿ ಮಾರಬೇಕಾದ ಗಿಡದ ಚೀಲವನ್ನು ಫೆಬ್ರವರಿ, ಮಾರ್ಚ್‌ನಲ್ಲಿ ತುಂಬಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯೂ ಆಗಲೇ. ಕೂಲಿ ಉಳಿಯಲಿ ಎಂದು ಮನೆಯ ಮಕ್ಕಳನ್ನೇ, ಅದರಲ್ಲೂ ಹೆಣ್ಣುಮಕ್ಕಳನ್ನು, ಈ ಕೆಲಸಕ್ಕೆ ಕೂರಿಸುವುದು ಸುಲಭ. ಹಾಗಾದರೆ ಯಾವ ಓದಿಗಾಗಿ ನರ್ಸರಿ ಇಟ್ಟೆವೋ ಆ ಓದನ್ನೇ ನರ್ಸರಿ ತಿಂದಂತಾಗುತ್ತದೆ. ಆದ್ದರಿಂದ ಅರ್ಜಿಯ ಖರ್ಚಿನ ಪಟ್ಟಿಯಲ್ಲಿ ಚೀಲ ತುಂಬುವ ಕೂಲಿಯನ್ನು ಬರೆಯಲೇಬೇಕು. ಆ ಸಾಲು ಖಾಲಿ ಇರುವ ಅರ್ಜಿಯನ್ನು ನಾವು ತಿದ್ದಲು ಹಿಂದಿರುಗಿಸುತ್ತೇವೆ. ರಜೆಯಲ್ಲಿ ಮಕ್ಕಳು ಕಸಿ ಕಲಿಯಲಿ, ಲೆಕ್ಕದ ಪುಸ್ತಕ ಬರೆಯಲಿ, ಅದು ಒಳ್ಳೆಯದೇ. ಪರೀಕ್ಷೆಯ ತಿಂಗಳಲ್ಲಿ ಅವರ ಕೈಯಲ್ಲಿ ಪುಸ್ತಕವೇ ಇರಲಿ.

ದಾನಿಗಳ ಗಮನಕ್ಕೆ

ನರ್ಸರಿ ಆರಂಭಿಸುವ ಕುಟುಂಬಕ್ಕೆ ಜೂನ್‌ನಲ್ಲಿ ಕೊಟ್ಟ ಹಣ ಆ ವರ್ಷದ ಮಳೆಗೆ ಉಪಯೋಗವಾಗುವುದಿಲ್ಲ. ಅದೇ ಹಣ ಜನವರಿಯಲ್ಲಿ ಸಿಕ್ಕರೆ ಜೂನ್ ಹೊತ್ತಿಗೆ ಗಿಡವಾಗಿರುತ್ತದೆ. ಆದ್ದರಿಂದ ನರ್ಸರಿಯ ನೆರವನ್ನು ಎರಡು ಕಂತಿನಲ್ಲಿ ಕೊಡುತ್ತೇವೆ. ಬಲೆ, ಟ್ರೇ, ಚೀಲ, ಮಣ್ಣು, ಕೂಲಿಗೆ ಜನವರಿಯಲ್ಲಿ ಒಂದು. ಬೇಸಿಗೆಯ ನೀರು, ನಿರ್ವಹಣೆಗೆ ಏಪ್ರಿಲ್‌ನಲ್ಲಿ ಇನ್ನೊಂದು. ಏಪ್ರಿಲ್‌ನ ಕಂತು ಚಿಕ್ಕದು, ಆದರೆ ಬಿಸಿಲಿನಲ್ಲಿ ಗಿಡ ಉಳಿಸುವುದು ಅದೇ. ನಿಮ್ಮ ದೇಣಿಗೆಯನ್ನು ವರ್ಷದ ಕೊನೆಯೊಳಗೆ ತಲುಪಿಸಿದರೆ ಈ ಕಂತುಗಳು ತಪ್ಪದೆ ಹೋಗುತ್ತವೆ.

ಝಕಾತ್ ಎಂದು ನೀವು ಗುರುತಿಸಿ ಕೊಟ್ಟ ಹಣವನ್ನು ಅರ್ಹರ ಕೈಗೇ ಒಪ್ಪಿಸುತ್ತೇವೆ. ಅದನ್ನು ಹಿಂದಿರುಗಿಸುವ ಷರತ್ತು ಇರುವುದಿಲ್ಲ. ಇತರ ದೇಣಿಗೆಗಳಿಂದ ಬಡ್ಡಿರಹಿತ ಸಾಲ ಕೊಡುತ್ತೇವೆ. ಆ ಸಾಲದ ಮರುಪಾವತಿ ಜುಲೈನಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮಾತ್ರ. ಉಳಿದ ತಿಂಗಳುಗಳಲ್ಲಿ ಕಂತು ಕೇಳುವುದಿಲ್ಲ. ಜೂನ್‌ನ ಮೊದಲ ಗಳಿಕೆ ಶಾಲೆಯ ಶುಲ್ಕಕ್ಕೆ ಹೋಗಲಿ ಎಂದೇ ಆ ತಿಂಗಳನ್ನೂ ಬಿಟ್ಟಿದ್ದೇವೆ.

ಅರ್ಜಿ ಸಲ್ಲಿಸುವವರಿಗೆ ಸೂಚನೆ

ನಮ್ಮ ವಿದ್ಯಾರ್ಥಿವೇತನದ ಪಟ್ಟಿಯಲ್ಲಿರುವ ಯಾವುದೇ ವಿದ್ಯಾರ್ಥಿಯ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಹಾಕಬಹುದು. ಪತಿಯನ್ನು ಕಳೆದುಕೊಂಡ ತಾಯಂದಿರಿಗೆ, ನರ್ಸರಿಯಲ್ಲಿ ದುಡಿದ ಅನುಭವ ಇರುವವರಿಗೆ ಮೊದಲ ಆದ್ಯತೆ. ನವೆಂಬರ್ ತಿಂಗಳಿನಲ್ಲಿ ಅರ್ಜಿ ಸ್ವೀಕರಿಸುತ್ತೇವೆ. ಡಿಸೆಂಬರ್‌ನಲ್ಲಿ ಸಮಿತಿಯ ಇಬ್ಬರು ಸದಸ್ಯರು ಜಾಗ, ನೀರು ನೋಡಲು ಮನೆಗೆ ಬರುತ್ತಾರೆ.

ಅರ್ಜಿಯ ಜೊತೆ ಇವು ಇರಲಿ: ಜಾಗದ ಪಹಣಿ ಅಥವಾ ಬಾಡಿಗೆ ಕರಾರಿನ ನಕಲು, ನೀರು ಪರೀಕ್ಷೆಯ ವರದಿ, ಮೊದಲ ವರ್ಷ ಬೆಳೆಸುವ ಗಿಡಗಳ ಪಟ್ಟಿ, ಪ್ರತಿಯೊಂದರ ಮುಂದೆ ಹಾಕುವ ತಿಂಗಳು ಮತ್ತು ಮಾರುವ ತಿಂಗಳು, ಕೂಲಿ ಸೇರಿದ ಖರ್ಚಿನ ಪಟ್ಟಿ, ಮನೆಯ ವಿದ್ಯಾರ್ಥಿಗಳ ತರಗತಿ, ಶುಲ್ಕ ಮತ್ತು ಪರೀಕ್ಷೆಯ ತಿಂಗಳು. ಬರೆಯಲು ಬಾರದವರು ಹಿಂಜರಿಯಬೇಕಿಲ್ಲ. ನವೆಂಬರ್‌ನ ಪ್ರತಿ ಭಾನುವಾರ ಬೆಳಿಗ್ಗೆ ಟ್ರಸ್ಟ್ ಕಚೇರಿಗೆ ಬಂದರೆ ನಮ್ಮವರು ಕುಳಿತು ಬರೆದುಕೊಡುತ್ತಾರೆ. ಮನೆಗೊಂದು ಕ್ಯಾಲೆಂಡರ್ ತಂದರೆ ಸಾಕು; ಗಿಡದ ತಿಂಗಳುಗಳನ್ನೂ ಮಕ್ಕಳ ತಿಂಗಳುಗಳನ್ನೂ ಅದರ ಮೇಲೆ ಒಟ್ಟಿಗೆ ಗುರುತು ಹಾಕೋಣ.